ಸ್ಟೀರಿಯೋದಲ್ಲಿ ಯಾರೂ ಒತ್ತದ ಗುಂಡಿ

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರ, ಫೋನುಗಳಲ್ಲಿ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ಮನೆಯ ಸ್ಟೀರಿಯೋದಲ್ಲಿ ಸಿ.ಡಿ., ಎಫ್.ಎಂ. ಜೊತೆಗೆ ಎ.ಎಂ. ಅಂತ ಇನ್ನೊಂದು ಗುಂಡಿ ಇದೆಯಲ್ಲ, ಒತ್ತಿದರೆ ಬರೀ ಕರಕರ ಸದ್ದು, ಅದು ಯಾಕೆ ಬೇಕು? ಈ ಸಲ ಕೇಳಿದವರು ಪುಣೆಯ ಖಡಕಿಯ ಕನ್ನಡ ಮನೆಯವರು. ಖಡಕಿಯವರೇ ಕೇಳಿದ ಮೇಲೆ ಎರಡು ಮಾತಿನಲ್ಲಿ ಮುಗಿಸುವುದು ಹೇಗೆ? ತಂತಿಯಿಲ್ಲದೆ ಮಾತು ಕಳಿಸುವ ವಿದ್ಯೆಯ ಚರಿತ್ರೆಯಲ್ಲಿ ಆ ಊರಿನ ಹೆಸರೂ ಇದೆ.

ಶಾಲೆಯ ಪಾಠದಲ್ಲಿ ಖಡಕಿ ಎಂದರೆ 1817ರ ನವೆಂಬರ್ 5ರ ಯುದ್ಧ, ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ನಡೆದದ್ದು. ಆಮೇಲೆ ದಂಡು ಬಂತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಇಂಗ್ಲಿಷರ ಬಾಯಲ್ಲಿ ಊರು 'ಕಿರ್ಕೀ' ಆಯಿತು. ನಮಗೆ ಬೇಕಾದ ಸಂಗತಿ 1927ರದ್ದು. ಆ ವರ್ಷ ಭಾರತಕ್ಕೂ ಇಂಗ್ಲೆಂಡಿಗೂ ನಡುವೆ 'ಬೀಮ್ ವೈರ್‌ಲೆಸ್' ಎಂಬ ತಂತಿಯಿಲ್ಲದ ಟೆಲಿಗ್ರಾಫ್ ಶುರುವಾಯಿತು. ಸಂದೇಶ ಕಳಿಸುವ ಕೇಂದ್ರ ಖಡಕಿಯಲ್ಲಿ, ಅಲ್ಲಿಂದ ಬಂದದ್ದನ್ನು ಹಿಡಿಯುವ ಕೇಂದ್ರ ದೂರದ ದೌಂಡಿನಲ್ಲಿ. ಎರಡನ್ನೂ ಒಂದೇ ಕಡೆ ಇಟ್ಟರೆ ಕಳಿಸುವ ಯಂತ್ರದ ಅಬ್ಬರದಲ್ಲಿ ಲಂಡನ್ನಿನ ಸಣ್ಣ ದನಿ ಮುಳುಗಿಹೋಗುತ್ತಿತ್ತು. ಜಾತ್ರೆಯಲ್ಲಿ ತಮಟೆ ಬಾರಿಸುವವನ ಪಕ್ಕ ನಿಂತು ಪಿಸುಮಾತು ಕೇಳಲಾಗದು, ಅಷ್ಟೇ ಲೆಕ್ಕ.

ಅದೇ 1927ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ರೇಡಿಯೋ ನಿಲಯ ಪ್ರಾರಂಭವಾಯಿತು. ಖಡಕಿಯಿಂದ ಸರಕಾರದ, ವ್ಯಾಪಾರಸ್ಥರ ಸಂದೇಶ ಲಂಡನ್ನಿಗೆ ಹಾರುತ್ತಿತ್ತು. ಆದರೆ ಅದೇ ಊರಿನಲ್ಲಿ ಕೂತ ಕನ್ನಡದವರಿಗೆ ರೇಡಿಯೋದಲ್ಲಿ ತಮ್ಮ ಮಾತು ಕೇಳುವ ಭಾಗ್ಯ ಇನ್ನೂ ಇರಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 'ಆಕಾಶವಾಣಿ' ಆರಂಭಿಸಿದ್ದು 1935ರ ಸೆಪ್ಟೆಂಬರ್ 10ರಂದು. ಅದರ ಶಕ್ತಿ 30 ವ್ಯಾಟ್, ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು. ಹೆಸರು ದೇಶಕ್ಕೆಲ್ಲ ಹಬ್ಬಿತು, ದನಿ ಅಷ್ಟು ದೂರ ಹೋಗಲಾರದು. ಉತ್ತರದ ಕನ್ನಡಿಗರ ಪಾಲಿಗೆ ನಿಜವಾದ ದಿನ 1950ರ ಜನವರಿ 8, ಧಾರವಾಡ ನಿಲಯ ಆರಂಭವಾದ ದಿನ.

ಧಾರವಾಡದಿಂದ ಪುಣೆಗೆ ರಸ್ತೆಯಲ್ಲಿ ಸುಮಾರು ನಾನೂರು ಕಿಲೋಮೀಟರ್. ಇಷ್ಟು ದೂರಕ್ಕೆ ಎಫ್.ಎಂ. ಬರುವುದಿಲ್ಲ, ಅದು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರದ ವ್ಯವಹಾರ, ಊರು ದಾಟಿ ಸ್ವಲ್ಪ ಹೋದರೆ ಮುಗಿಯಿತು. ಮಧ್ಯಮ ತರಂಗ, ಅಂದರೆ ನಿಮ್ಮ ಎ.ಎಂ. ಗುಂಡಿ, ಬೇರೆ ಜಾತಿಯದು. ಹಗಲಿನ ಬಿಸಿಲಿಗೆ ಭೂಮಿಯ ಮೇಲೆ ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ 'ಡಿ' ಎಂಬ ಒಂದು ಪದರ ಏಳುತ್ತದೆ. ಮೇಲೇರಿದ ತರಂಗವನ್ನು ಅದು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿನ ಪದರಕ್ಕೆ ಬಡಿದು, ನೂರಾರು ಮೈಲಿ ಆಚೆ ಇಳಿಯುತ್ತದೆ. ಅದಕ್ಕೇ ರಾತ್ರಿ ಹೊತ್ತಿನಲ್ಲಿ ಪರ ಊರಿನ ನಿಲಯಗಳು ಅಲೆ ಅಲೆಯಾಗಿ ಬಂದು ಹೋಗುವುದು. ದನಿ ಒಮ್ಮೆ ಹತ್ತಿರ, ಒಮ್ಮೆ ದೂರ. ಆ ಏರಿಳಿತ ಸೆಟ್ಟಿನ ದೋಷವಲ್ಲ, ಆಕಾಶದ್ದು.

ಪುಣೆಗೆ ತನ್ನದೇ ಆಕಾಶವಾಣಿ ನಿಲಯ ಬಂದದ್ದು 1953ರ ಅಕ್ಟೋಬರ್ 2ರಂದು. ಮನೆಯ ಪಕ್ಕದ ನಿಲಯ ಜೋರು, ದೂರದ್ದು ಮೆಲ್ಲಗೆ. 1978ರ ನವೆಂಬರಿನಲ್ಲಿ ಹೊಸ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದು, ನಮ್ಮ ಕಡೆಯ ಮಧ್ಯಮ ತರಂಗದ ನಿಲಯಗಳೆಲ್ಲ ಒಂಬತ್ತರ ಮಗ್ಗಿಯಲ್ಲಿ ಸಾಲಾಗಿ ಕೂತವು. ಧಾರವಾಡ 765 ಕಿಲೋಹರ್ಟ್ಸ್, ಪುಣೆ 792, ಬೆಂಗಳೂರು 612, ಎಲ್ಲವೂ ಒಂಬತ್ತರಿಂದ ಭಾಗವಾಗುವ ಸಂಖ್ಯೆ. ಧಾರವಾಡಕ್ಕೂ ಪುಣೆಗೂ ಅಂತರ ಮೂರೇ ಮೆಟ್ಟಿಲು. ಮುಳ್ಳು ತಿರುಗಿಸುವ ಹಳೆಯ ಸೆಟ್ಟಿನಲ್ಲಿ ಕೂದಲೆಳೆ ಆಚೀಚೆ ಆದರೆ ಕನ್ನಡ ಹೋಗಿ ಮರಾಠಿ.

ಈ ಮಗ್ಗಿಯ ಕತೆ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಒಳ್ಳೆಯ ಸ್ಟೀರಿಯೋಗಳು ಮೂಗರಾಗಿವೆ. ಮಗ ಅಮೆರಿಕದಿಂದ ತಂದ ಸೆಟ್ಟು ಹತ್ತರ ಮಗ್ಗಿ ಕಲಿತದ್ದು. ಗುಂಡಿ ಒತ್ತಿದರೆ 760, ಆಮೇಲೆ 770. ನಡುವೆ 765 ಇಲ್ಲವೇ ಇಲ್ಲ! ಎಫ್.ಎಂ.ನಲ್ಲೂ ಇದೇ ಪಾಡು: 100.9ರಿಂದ 101.1ಕ್ಕೆ ಹಾರುತ್ತದೆ, ಪುಣೆಯ ವಿವಿಧ ಭಾರತಿ 101.0ರಲ್ಲಿ. ಕೆಲವು ಸೆಟ್ಟುಗಳ ಹಿಂಬದಿಯಲ್ಲಿ 9 ಮತ್ತು 10 ಎಂದು ಬರೆದ ಸಣ್ಣ ಸ್ವಿಚ್ ಇರುತ್ತದೆ, ಅದನ್ನು 9ಕ್ಕೆ ತಳ್ಳಿ. ಹಾಗೆಯೇ ಕರೆಂಟಿನ ವೋಲ್ಟೇಜು 110ರದ್ದೋ 220ರದ್ದೋ ಮೊದಲೇ ನೋಡಿಕೊಳ್ಳಿ. ಅದನ್ನು ನೋಡದೆ ಪ್ಲಗ್ ಚುಚ್ಚಿದರೆ ಯಾವ ಮಗ್ಗಿಯೂ ಉಪಯೋಗಕ್ಕೆ ಬಾರದು.

ಸೆಟ್ಟಿನ ಜೊತೆ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ತಂತಿ ಸುತ್ತಿದ ಬಳೆಯಂಥ ವಸ್ತು ಬಂದಿರುತ್ತದೆ. ಬಹಳ ಜನ ಅದನ್ನು ಡಬ್ಬದಲ್ಲೇ ಬಿಟ್ಟಿರುತ್ತಾರೆ. ಎ.ಎಂ.ನ ಆಂಟೆನಾ ಅದೇ. ಹಿಂಬದಿಯ ಎ.ಎಂ. ತೂತುಗಳಿಗೆ ಸಿಕ್ಕಿಸಿ, ನೆಟ್ಟಗೆ ನಿಲ್ಲಿಸಿ, ಅದರ ಅಂಚು ನಿಲಯದ ದಿಕ್ಕಿಗೆ ಇರುವಂತೆ ತಿರುಗಿಸಬೇಕು. ಖಡಕಿಯಿಂದ ಧಾರವಾಡ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿದಂತೆ. ಬಳೆಯ ಅಗಲವಾದ ಮುಖ ಯಾವ ಕಡೆಗಿದೆಯೋ ಆ ಕಡೆಯ ನಿಲಯ ಕುಗ್ಗುತ್ತದೆ. ಸ್ವಲ್ಪ ತಾಳ್ಮೆಯಿದ್ದರೆ ಅಡ್ಡ ಬರುವ ನಿಲಯವನ್ನು ಹೀಗೆ ಮೆತ್ತಗೆ ಪಕ್ಕಕ್ಕೆ ಸರಿಸಬಹುದು. ಎ.ಎಂ.ನಲ್ಲಿ ಸ್ಟೀರಿಯೋ ದೀಪ ಹತ್ತುವುದಿಲ್ಲ, ಗಾಬರಿ ಬೇಡ. ಎಫ್.ಎಂ.ನಲ್ಲಿ ದೀಪ ಹತ್ತಿಯೂ ಸುಯ್ ಎನ್ನುತ್ತಿದ್ದರೆ ಮೋನೋ ಒತ್ತಿ, ಸದ್ದು ಇಳಿಯುತ್ತದೆ.

ಸಿ.ಡಿ.ಯ ವಿಷಯ ಚಿಕ್ಕದು. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಈ ತಟ್ಟೆ 1982ರಲ್ಲಿ ಮಾರುಕಟ್ಟೆಗೆ ಬಂತು. ಹಳೆಯ ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಕ್ಕೆ ಓದಿದರೆ ಇದು ಒಳಗಿನಿಂದ ಹೊರಕ್ಕೆ. ಒರೆಸುವಾಗ ಸುತ್ತಲೂ ತಿರುಗಿಸಬೇಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಗದಗ ಜಿಲ್ಲೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರ ದಾಸರ ಪದಗಳನ್ನು ಇವತ್ತು ಬೇಕಾದಾಗ ಸಿ.ಡಿ.ಯಲ್ಲಿ ಹಾಕಿಕೊಳ್ಳಬಹುದು, ಅದು ದೊಡ್ಡ ಸುಖವೇ. ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆಯನ್ನು ಕೇಳಿಯೇ ಆ ಹುಡುಗ 1933ರಲ್ಲಿ ಮನೆ ಬಿಟ್ಟದ್ದು. ಆದರೆ ಸಿ.ಡಿ.ಯಲ್ಲಿ ನಾವು ಇಟ್ಟದ್ದೇ ಬರುತ್ತದೆ. ಊರಿನ ಮಳೆ, ಪೇಟೆಯ ಧಾರಣೆ, ಅಲ್ಲಿನ ಪ್ರದೇಶ ಸಮಾಚಾರ ಬರುವುದಿಲ್ಲ.

2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್.ಎಂ. ಶುರುವಾದ ಮೇಲೆ ಸ್ವಚ್ಛ ದನಿಯ ರುಚಿ ಹತ್ತಿ ಎ.ಎಂ. ಮೂಲೆ ಸೇರಿತು. ಎಫ್.ಎಂ.ನಲ್ಲಿ ಯಾವ ಭಾಷೆ ಎಷ್ಟು ಹೊತ್ತು ಎಂಬುದನ್ನು ಆಯಾ ನಗರವೇ ತೀರ್ಮಾನಿಸುತ್ತದೆ. ನಮ್ಮ ಈ ಕನ್ನಡ ಕಾರ್ಯಕ್ರಮಕ್ಕೂ ಹಾಗೆ ಅಳೆದು ಕೊಟ್ಟ ವೇಳೆಯಷ್ಟೇ. ಮಧ್ಯಮ ತರಂಗದ ಧಾರವಾಡ ಪುಣೆಯನ್ನು ಏನೂ ಕೇಳುತ್ತಿರಲಿಲ್ಲ. ಕತ್ತಲಾದರೆ ತಾನಾಗಿ ಬರುತ್ತಿತ್ತು. ಈಗ ಆಕಾಶವಾಣಿ ತನ್ನ ಹಲವು ಮಧ್ಯಮ ತರಂಗದ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿದೆ, ಹೊಸ ಸೆಟ್ಟುಗಳಲ್ಲಿ ಎ.ಎಂ. ಗುಂಡಿಯೇ ಕಾಣೆಯಾಗುತ್ತಿದೆ. ಕನ್ನಡದ ನಿಲಯಗಳನ್ನು ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ಮೂಲಕ ಕೇಳಬಹುದು, ಅದೂ ಸರಿಯೇ, ನೆಟ್ ಇರುವ ತನಕ.

ಖಡಕಿಯ ಮಿತ್ರರೇ, ಡಬ್ಬದಲ್ಲಿರುವ ಆ ಬಳೆಯನ್ನು ಹೊರಗೆ ತೆಗೆಯಿರಿ. ರಾತ್ರಿ ಎಂಟರ ಮೇಲೆ, ಹತ್ತಿರದ ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರ್ ಆರಿಸಿ ತಿರುಗಿಸಿ ನೋಡಿ. ಅವುಗಳ ಗದ್ದಲವೇ ಅರ್ಧ ಕರಕರ. ಯಾವ ಸಂಖ್ಯೆಯಲ್ಲಿ ಯಾವ ನಿಲಯ, ಎಷ್ಟು ಗಂಟೆಗೆ ಸಿಕ್ಕಿತು ಎಂದು ನಮಗೆ ಬರೆದು ತಿಳಿಸಿ.