ಭಾರತದ ಅಂಟಾರ್ಕ್ಟಿಕಾ ನೆಲೆಗಳಿಗೆ ಪ್ರಯಾಣ

ಅಂಟಾರ್ಕ್ಟಿಕಾ ಖಂಡದಲ್ಲಿರುವ ಮೈತ್ರಿ ಮತ್ತು ಭಾರತಿ ನೆಲೆಗಳಿಗೆ ಪ್ರತಿವರ್ಷ ಭಾರತೀಯ ತಂಡವು ತೆರಳುತ್ತದೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ಈ ಯಾನವನ್ನು ಸಂಘಟಿಸುತ್ತದೆ. ಮೊದಲ ಯಾನವು ಎಸ್. ಝಡ್. ಖಾಸಿಂ ಅವರ ನೇತೃತ್ವದಲ್ಲಿ 1981ರ ಡಿಸೆಂಬರಿನಲ್ಲಿ ಗೋವಾದಿಂದ ಹಡಗಿನಲ್ಲಿ ಹೊರಟಿತ್ತು.

ಸಿದ್ಧತೆ

ಅಭ್ಯರ್ಥಿಗಳು ಮೊದಲು ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆಗೆ ಒಳಗಾಗುತ್ತಾರೆ. ಬಳಿಕ ಉತ್ತರಾಖಂಡದ ಔಲಿಯಲ್ಲಿ ಹಿಮದ ಮೇಲೆ ನಡೆಯುವ, ಭಾರ ಹೊತ್ತು ಏರುವ ತರಬೇತಿ ಇರುತ್ತದೆ. ದಕ್ಷಿಣ ಭಾರತದಿಂದ ಹೋಗುವ ಅನೇಕರಿಗೆ ಹಿಮದ ಮೊದಲ ಪರಿಚಯ ಆಗುವುದೇ ಇಲ್ಲಿ.

ಮಾರ್ಗ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ವಿಮಾನವು ಸುಮಾರು ಆರು ಗಂಟೆಗಳಲ್ಲಿ ಮೈತ್ರಿಯ ಸಮೀಪದ ರಷ್ಯನ್ ಹಿಮ ನಿಲ್ದಾಣವನ್ನು ತಲುಪುತ್ತದೆ. 2012ರಲ್ಲಿ ಆರಂಭವಾದ ಭಾರತಿ ನೆಲೆಯು ಮೈತ್ರಿಯಿಂದ ಸುಮಾರು 3,000 ಕಿ.ಮೀ. ಪೂರ್ವಕ್ಕಿದೆ. ಇಂಧನ ಹಾಗೂ ಭಾರವಾದ ಸಾಮಗ್ರಿ ಹಡಗಿನಲ್ಲಿ ಬರುತ್ತವೆ. ಅದೂ ಅಲ್ಲಿನ ಬೇಸಿಗೆಯಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ ಮಾತ್ರ. ಹಡಗು ಮರಳಿದ ಮೇಲೆ ಉಳಿದವರು ಮುಂದಿನ ಬೇಸಿಗೆಯವರೆಗೆ ಹಿಂದಿರುಗುವಂತಿಲ್ಲ. ಕಾಯಿಲೆ ಬಿದ್ದರೂ ನೆಲೆಯ ವೈದ್ಯರೇ ಗತಿ. ವೈದ್ಯಕೀಯ ಪರೀಕ್ಷೆ ಕಟ್ಟುನಿಟ್ಟಾಗಿರಲು ಇದೇ ಕಾರಣ.

ಇಸ್ರೋ ಮತ್ತು ಭಾರತಿ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯು ಭಾರತಿಯಲ್ಲಿ ಭೂವೀಕ್ಷಣಾ ಉಪಗ್ರಹಗಳ ದತ್ತಾಂಶ ಪಡೆಯುವ ಭೂಕೇಂದ್ರವನ್ನು ಹೊಂದಿದೆ. ಧ್ರುವೀಯ ಕಕ್ಷೆಯ ಉಪಗ್ರಹಗಳು ಪ್ರತಿ ಸುತ್ತಿನಲ್ಲೂ ಧ್ರುವಗಳ ಸಮೀಪ ಹಾದುಹೋಗುವುದರಿಂದ ಈ ಸ್ಥಳ ಅನುಕೂಲಕರ. 2016ರ ನವೆಂಬರಿನಲ್ಲಿ ಇಲ್ಲಿಗೆ ತೆರಳಿದ ಇಸ್ರೋದ ಮಂಗಳಾ ಮಣಿ, 23 ಸದಸ್ಯರ ತಂಡದಲ್ಲಿ ಏಕೈಕ ಮಹಿಳೆಯಾಗಿ 403 ದಿನ ಉಳಿದರು. ಆಗ ಅವರಿಗೆ ಐವತ್ತಾರರ ಪ್ರಾಯ. ಅದಕ್ಕೂ ಮುನ್ನ ಅವರು ಹಿಮಪಾತವನ್ನೇ ಕಂಡಿರಲಿಲ್ಲ.