ಪ್ರಾರ್ಥನೆಯ ಸರಳ ವಿಧಾನ

ಜರ್ಮನಿಯ ಮತಸುಧಾರಕ ಮಾರ್ಟಿನ್ ಲೂಥರ್ (1483-1546) 1535ರಲ್ಲಿ ಬರೆದ ಕಿರುಹೊತ್ತಗೆ. ಪ್ರಾರ್ಥನೆ ಮಾಡುವುದು ಹೇಗೆಂದು ಕೇಳಿದ ಗೆಳೆಯನಿಗೆ ಪತ್ರದ ಧಾಟಿಯಲ್ಲಿ ಕೊಟ್ಟ ಉತ್ತರವಿದು. ಆ ಗೆಳೆಯ ಪೀಟರ್ ಬೆಸ್ಕೆಂಡಾರ್ಫ್, ವಿಟ್ಟೆನ್‌ಬರ್ಗ್ ಊರಿನ ಕ್ಷೌರಿಕ. ಲೂಥರನಿಗೂ ಅವನೇ ಕ್ಷೌರ ಮಾಡುತ್ತಿದ್ದ. ಕೃತಿ ಅದೇ ವರ್ಷ ಹಲವು ಬಾರಿ ಅಚ್ಚಾಯಿತು. ಕ್ರೈಸ್ತರಲ್ಲಿ ಪ್ರಾರ್ಥನೆಯನ್ನು ಕುರಿತ ಗ್ರಂಥಗಳು ಹೇರಳವಾಗಿವೆ. ಆದರೆ ದಿನವಿಡೀ ಕೆಲಸದಲ್ಲಿರುವ ಒಬ್ಬ ಗೃಹಸ್ಥನನ್ನು ಎದುರಿಗಿಟ್ಟುಕೊಂಡು ಇಷ್ಟು ನೇರವಾಗಿ ಬರೆದವು ಕಡಿಮೆ.

ಪ್ರಾರ್ಥನೆಯನ್ನು ಕಲಿಯಬೇಕಾಗುತ್ತದೆ ಎಂಬ ಭಾವನೆ ಸುವಾರ್ತೆಗಳಲ್ಲೇ ಇದೆ. ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಶಿಷ್ಯನೊಬ್ಬ ಪ್ರಾರ್ಥಿಸಲು ಕಲಿಸಿಕೊಡೆಂದು ಯೇಸುವನ್ನು ಕೇಳುತ್ತಾನೆ. ಅದಕ್ಕೆ ಉತ್ತರವಾಗಿ ಬಂದದ್ದು ಕರ್ತನ ಪ್ರಾರ್ಥನೆ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಅದೇ ಪ್ರಾರ್ಥನೆಗೆ ಮುನ್ನ ಎರಡು ಎಚ್ಚರಿಕೆಗಳಿವೆ: ಜನ ನೋಡಲೆಂದು ಪ್ರಾರ್ಥಿಸಬಾರದು, ಮಾತು ಹೆಚ್ಚಾದಷ್ಟೂ ದೇವರು ಕೇಳುತ್ತಾನೆಂದು ನಂಬಬಾರದು. ಮುಂದೆ ಮಠಗಳಲ್ಲಿ ಹಗಲುರಾತ್ರಿಗಳನ್ನು ಜಾವಗಳಾಗಿ ವಿಂಗಡಿಸಿ ಕೀರ್ತನೆಗಳನ್ನು ಪಠಿಸುವ ಕ್ರಮ ಬೆಳೆಯಿತು. ಅಗಸ್ಟಿನಿಯನ್ ಸಂನ್ಯಾಸಿಯಾಗಿದ್ದ ಕಾಲದಲ್ಲಿ ಲೂಥರನೂ ಈ ಕ್ರಮಕ್ಕೆ ಬದ್ಧನಾಗಿದ್ದ. ಪಾಠ, ಪ್ರವಚನಗಳ ಒತ್ತಡದಲ್ಲಿ ಪಠಣ ಬಾಕಿ ಉಳಿದರೆ ವಾರಾಂತ್ಯದಲ್ಲಿ ಊಟ ಬಿಟ್ಟು ಕುಳಿತು ತೀರಿಸುತ್ತಿದ್ದೆನೆಂದು ಆತ ಮುಂದೆ ನೆನೆಸಿಕೊಂಡಿದ್ದಾನೆ. ಪ್ರಾರ್ಥನೆ ಸಾಲದ ಲೆಕ್ಕವಾಗಿಬಿಡುವುದು ಎಂದರೇನೆಂದು ಅವನಿಗೆ ಅನುಭವದಿಂದ ಗೊತ್ತಿತ್ತು.

ಹೊತ್ತಗೆಯ ಅತ್ಯಂತ ಚುರುಕಾದ ಭಾಗ ಹುಟ್ಟಿದ್ದು ಈ ಅನುಭವದಿಂದಲೇ. ಪಾದ್ರಿಯೊಬ್ಬ 70ನೆಯ ಕೀರ್ತನೆಯ ಮೊದಲ ವಚನದಿಂದ ಪಠಣ ಶುರುಮಾಡುತ್ತಾನೆ. ಅರ್ಧಕ್ಕೇ ಆಳನ್ನು ಕೂಗಿ ಕುದುರೆ ಬಿಚ್ಚಿದೆಯಾ ಎಂದು ವಿಚಾರಿಸುತ್ತಾನೆ. ಇನ್ನೊಂದು ತುಂಡು ಹೇಳಿ ಕೆಲಸದವಳಿಗೆ ಹಾಲು ಕರೆಯಲು ಅಪ್ಪಣೆ ಕೊಡುತ್ತಾನೆ. ತ್ರಿಯೇಕ ದೇವರ ಸ್ತುತಿಯ ಜೊತೆಗೆ ಹುಡುಗನಿಗೊಂದು ಬೈಗುಳವೂ ಸೇರುತ್ತದೆ. ಇಲ್ಲಿ ಬರುವ ವಚನ ಯಾವುದೆಂಬುದನ್ನೂ ಗಮನಿಸಬೇಕು. 5ನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ತನ್ನ ‘ಸಂವಾದಗಳು’ ಗ್ರಂಥದಲ್ಲಿ ಈಜಿಪ್ಟಿನ ತಪಸ್ವಿ ಐಸಾಕನ ಬಾಯಿಂದ, ಚಂಚಲ ಮನಸ್ಸಿಗೆ ಮದ್ದೆಂದು ಸದಾ ಜಪಿಸಲು ಹೇಳಿಸಿದ್ದು ಇದೇ ವಚನವನ್ನು. ಅದೇ ಮುಂದೆ ಜಾವದ ಪ್ರಾರ್ಥನೆಗಳಿಗೆ ನಾಂದಿಯಾಯಿತು. ಮದ್ದಿಗೇ ರೋಗ ಅಂಟಿತ್ತೆನ್ನಬೇಕು. ಕುಶಲ ಕ್ಷೌರಿಕನ ಕಣ್ಣು ಮನಸ್ಸುಗಳು ಕತ್ತಿಯ ಮೇಲೂ ಕೂದಲಿನ ಮೇಲೂ ಇರುತ್ತವೆ, ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗಿಗೋ ಕೊರಳಿಗೋ ಅಪಾಯ ಎಂದು ಲೂಥರ್ ಪೀಟರನ ಕಸುಬನ್ನೇ ಹಿಡಿದು ವಿವರಿಸುತ್ತಾನೆ.

ವಿಧಾನ ಹೀಗಿದೆ. ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಬೇಕು. ‘ಇದೊಂದು ಮುಗಿಸಿ ಆಮೇಲೆ’ ಎಂಬ ಯೋಚನೆಗೆ ಆಸ್ಪದ ಕೊಡಬಾರದು. ಮನಸ್ಸು ತಣ್ಣಗಾಗಿದ್ದರೆ ಕೀರ್ತನೆಗಳ ಪುಸ್ತಕ ಹಿಡಿದು ಕೋಣೆಗೆ ಹೋಗಬೇಕು, ಇಲ್ಲವೆ ಜನ ಸೇರಿರುವ ಚರ್ಚಿಗೆ. ಹತ್ತು ಆಜ್ಞೆಗಳನ್ನೂ ವಿಶ್ವಾಸಪ್ರಮಾಣವನ್ನೂ ಮಕ್ಕಳು ಒಪ್ಪಿಸುವಂತೆ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮನಸ್ಸು ಹದಕ್ಕೆ ಬಂದಮೇಲೆ ಕರ್ತನ ಪ್ರಾರ್ಥನೆಯ ಒಂದೊಂದು ಬಿನ್ನಹವನ್ನೂ ತನ್ನದೇ ಮಾತಿನಲ್ಲಿ ಹಿಗ್ಗಿಸುತ್ತ ಹೋಗಬೇಕು. ಸಮಯವಿದ್ದರೆ ಆಜ್ಞೆಗಳನ್ನೂ ಒಂದೊಂದಾಗಿ ತೆಗೆದುಕೊಂಡು ನಾಲ್ಕೆಳೆಯ ಹಾರ ಹೆಣೆಯಬಹುದು: ಬೋಧೆ, ಕೃತಜ್ಞತೆ, ತಪ್ಪೊಪ್ಪಿಗೆ, ಬೇಡಿಕೆ. ವಿಶ್ವಾಸಪ್ರಮಾಣದ ಭಾಗ ನಂತರದ ಮುದ್ರಣದಲ್ಲಿ ಸೇರಿತು.

ಕಳ್ಳತನ ಕೂಡದೆಂಬ ಆಜ್ಞೆಯನ್ನೇ ನೋಡಬಹುದು (ಲೂಥರನ ಎಣಿಕೆಯಲ್ಲಿ ಇದು ಏಳನೆಯದು, ಕ್ಯಾಲ್ವಿನ್ ಪಂಥದವರಿಗೆ ಎಂಟನೆಯದು). ನೆರೆಯವನ ಸೊತ್ತನ್ನು ಮುಟ್ಟಬಾರದು, ಅದನ್ನು ಕಾಯಲು ನೆರವಾಗಬೇಕು ಎಂಬುದು ಬೋಧೆ. ತನ್ನ ಸೊತ್ತಿಗೂ ಅದೇ ಆಜ್ಞೆ ಬೇಲಿಯಾಗಿದೆಯೆಂದು ಕೃತಜ್ಞತೆ. ತಾನು ಯಾರಿಗೆ ಮೋಸ ಮಾಡಿದ್ದೇನೆಂದು ನೆನೆದು ತಪ್ಪೊಪ್ಪಿಗೆ. ಲೋಕದಲ್ಲಿ ಕಳವು, ಬಡ್ಡಿಯ ಸುಲಿಗೆ, ದುರಾಸೆ ಕಡಮೆಯಾಗಲೆಂದು ಬೇಡಿಕೆ. ಅಂಗಡಿ ಇಟ್ಟುಕೊಂಡವನಿಗೆ ಮೂರನೆಯ ಎಳೆ ಸುಲಭದ್ದಲ್ಲ.

ಇಷ್ಟನ್ನು ಬರೆದುಕೊಟ್ಟ ಲೂಥರ್ ಇದನ್ನು ಅಕ್ಷರಶಃ ಒಪ್ಪಿಸಬೇಡ ಎನ್ನುತ್ತಾನೆ. ತಾನೇ ಒಂದು ದಿನ ಹೇಳಿದಂತೆ ಇನ್ನೊಂದು ದಿನ ಹೇಳುವುದಿಲ್ಲ. ಒಂದೇ ಬಿನ್ನಹದಲ್ಲಿ ಮನಸ್ಸು ನೆಟ್ಟರೆ ಉಳಿದವನ್ನು ಬಿಟ್ಟುಬಿಡಬಹುದು, ಆಗ ಪವಿತ್ರಾತ್ಮನೇ ಬೋಧಿಸುತ್ತಿರುವುದರಿಂದ ಸುಮ್ಮನೆ ಕೇಳಬೇಕು. ಕೊನೆಯ ಆಮೆನ್ ಮಾತ್ರ ಗಟ್ಟಿಯಾಗಿರಬೇಕು, ಏಕೆಂದರೆ ಪ್ರಾರ್ಥಿಸುವವನು ಒಂಟಿಯಲ್ಲ, ಇಡೀ ಕ್ರೈಸ್ತ ಸಮುದಾಯ ಅವನೊಂದಿಗಿದೆ. ಕಟ್ಟಿಟ್ಟ ಮಾತನ್ನು ಬಿಡದೆಯೂ ಅದರ ಹಂಗು ತೊರೆಯುವ ಈ ಜಾಣ್ಮೆಯೇ ಕೃತಿಯ ಹೆಚ್ಚುಗಾರಿಕೆ.

ಪೀಟರನ ಕಥೆ ದುರಂತದ್ದು. 1535ರ ಈಸ್ಟರ್ ಹಬ್ಬದ ಸಮಯದಲ್ಲಿ ಮನೆಯವರೆಲ್ಲ ಊಟಕ್ಕೆ ಸೇರಿದ್ದಾಗ, ಸೈನಿಕನಾಗಿದ್ದ ಅಳಿಯ ತನ್ನ ಮೈಗೆ ಯಾವ ಆಯುಧವೂ ನಾಟದೆಂದು ಜಂಬ ಕೊಚ್ಚಿದ, ಕುಡಿದಿದ್ದ ಮಾವ ಚೂರಿಯಿಂದ ಇರಿದ, ಅಳಿಯ ಸತ್ತ. ಲೂಥರ್ ಮತ್ತಿತರರು ಕೇಳಿಕೊಂಡಿದ್ದರಿಂದ ಮರಣದಂಡನೆ ತಪ್ಪಿ ಗಡೀಪಾರಾಯಿತು. ಆಸ್ತಿ ಕಳೆದುಕೊಂಡ ಪೀಟರ್ ಉಳಿದ ಬದುಕನ್ನು ಡೆಸ್ಸೌ ಊರಿನಲ್ಲಿ ಕಳೆದ.

ಬರೆದಿಟ್ಟ ಪ್ರಾರ್ಥನೆಯಲ್ಲಿ ಪ್ರಾಮಾಣಿಕತೆ ಸಾಧ್ಯವೇ ಎಂಬ ವಾದ ಪ್ರೊಟೆಸ್ಟಂಟರಲ್ಲಿ ಮುಂದೆಯೂ ನಡೆಯಿತು. ಇಂಗ್ಲೆಂಡಿನ ಚರ್ಚು 1549ರಲ್ಲಿ ಸಾಮಾನ್ಯ ಪ್ರಾರ್ಥನಾ ಪುಸ್ತಕವನ್ನು ಜಾರಿಗೆ ತಂದಿತು. 1660ರಲ್ಲಿ ಬೆಡ್‌ಫರ್ಡ್ ಸೆರೆಮನೆ ಸೇರಿದ ಬೋಧಕ ಜಾನ್ ಬನ್ಯನ್ ಅಲ್ಲಿಂದಲೇ ಅದರ ವಿರುದ್ಧ ಬರೆದ. ಹೃದಯವನ್ನು ದೇವರೆದುರು ಸುರಿಯುವುದೇ ಪ್ರಾರ್ಥನೆ, ಅದನ್ನು ಆತ್ಮನು ಕಲಿಸಬೇಕೇ ಹೊರತು ಪುಸ್ತಕವಲ್ಲ ಎಂಬುದು ಅವನ ನಿಲುವು. ಕ್ಷೌರಿಕನಿಗೆ ಪುಸ್ತಕವನ್ನೇ ಬರೆದುಕೊಟ್ಟ ಲೂಥರ್ ಈ ಮಾತಿನ ಮೊದಲರ್ಧವನ್ನು ಮಾತ್ರ ಒಪ್ಪುತ್ತಿದ್ದನೇನೋ.