ಅರಳಿಯೆಲೆ ಬರೆದ ಹುಡುಗ

ನಮ್ಮ ಬುಕ್ಕಾಂಬುಧಿಯ ಹೆಸರಿನಲ್ಲಿಯೇ ಒಂದು ಅತಿಶಯೋಕ್ತಿ ಅಡಗಿದೆ. ಅಂಬುಧಿಯೆಂದರೆ ಕಡಲು, ಊರಿಗಿರುವುದು ಕೆರೆ. ಇದನ್ನೇ ಉದಾಹರಣೆಯಾಗಿಟ್ಟುಕೊಂಡು ನಾನು ಅಲಂಕಾರದ ಪಾಠ ಮಾಡುತ್ತಿದ್ದಾಗ, ಕೊನೆಯ ಬೆಂಚಿನ ಹುಡುಗನೊಬ್ಬನು ಅದೇ ಅಲಂಕಾರವನ್ನು ನನ್ನ ಮೂಗಿನ ಮೇಲೆ ಪ್ರಯೋಗಿಸಿ ಚಿತ್ರ ಬರೆದಿದ್ದನು! ನೋಟುಪುಸ್ತಕವನ್ನು ಕಸಿದುಕೊಂಡು ಗದರಿಸಿದೆ. ಮನೆಗೆ ಬಂದು ಅದನ್ನು ಮತ್ತೆ ನೋಡುವಾಗ ಮೈಸೂರಿನ ಇನ್ನೊಬ್ಬ ಹುಡುಗನ ನೆನಪಾಯಿತು.

ಆತನೇ ಆರ್. ಕೆ. ಲಕ್ಷ್ಮಣ್. 1921ನೆಯ ಇಸವಿ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಜನನ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಅಣ್ಣ ಕಾದಂಬರಿಕಾರ ಆರ್. ಕೆ. ನಾರಾಯಣ್. ಓದು ಬರುವುದಕ್ಕೆ ಮುಂಚೆಯೇ ಬಾಲಕನು ಆಂಗ್ಲ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದನು. ಮನೆಯ ನೆಲ, ಗೋಡೆ, ಬಾಗಿಲುಗಳೇ ಅವನ ಹಲಗೆ. ಲಂಡನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳೆಂದರೆ ಪ್ರಾಣ. ಆದರೆ ಅವರ ಸಹಿಯನ್ನು ಬಹುಕಾಲ ‘ಕೌ’ ಎಂದೇ ಓದಿಕೊಂಡಿದ್ದನಂತೆ! ಶಾಲೆಯಲ್ಲಿ ಒಮ್ಮೆ ಅವನು ಬರೆದ ಅರಳಿಯೆಲೆಯನ್ನು ಉಪಾಧ್ಯಾಯರು ಮನಸಾರೆ ಮೆಚ್ಚಿದರು. ತಾನು ಚಿತ್ರಗಾರನೆಂಬ ನಂಬಿಕೆ ಅಂದು ಬೇರೂರಿತು.

ಆ ನಂಬಿಕೆಗೆ ಪರೀಕ್ಷೆಯೂ ಬಂದಿತು. ಮುಂಬಯಿಯ ಜೆ. ಜೆ. ಕಲಾಶಾಲೆಯು ಸಾಕಷ್ಟು ಪ್ರತಿಭೆಯಿಲ್ಲವೆಂದು ಪ್ರವೇಶ ನಿರಾಕರಿಸಿತು. ಲಕ್ಷ್ಮಣರು ಎದೆಗುಂದಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ವೈದ್ಯರಾದ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯೂ ಅವರ ರೇಖೆಗಳಿಗೆ ಎಡೆಕೊಟ್ಟಿತು.

ಕೆಲಕಾಲ ಅವರು ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿಯೂ ಇದ್ದರು. ಆರಂಭದ ದಿನಗಳಲ್ಲಿ ನಾರದನನ್ನು ಕುರಿತ ಚಲಿಸುವ ಚಿತ್ರವೊಂದಕ್ಕೂ ದುಡಿದರು. ಬರೆದ ಗೊಂಬೆ ಬೆಳ್ಳಿತೆರೆಯ ಮೇಲೆ ನಡೆಯಬೇಕಾದರೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿಯಬೇಕು. ಮುಂದೆ ಲಕ್ಷ್ಮಣರು ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ: ದೇಶದ ಒಂದು ದಿನದ ಕಥೆಯನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಅಡಕಗೊಳಿಸುವುದು.

ಮುಂಬಯಿಯ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಅವರಿಗೆ ಕೆಲಸ ದೊರೆಯಿತು. ಕಮ್ಯೂನಿಸ್ಟರನ್ನು ಗೇಲಿಮಾಡಕೂಡದೆಂದು ಒಡೆಯರು ಕಟ್ಟುಮಾಡಿದಾಗ, ಕೆಲಸವನ್ನೇ ಬಿಟ್ಟು ಹೊರನಡೆದರು. ಸಂಬಳ ಇನ್ನೊಬ್ಬರದಾದರೂ ರೇಖೆ ತನ್ನದೆಂಬ ಈ ಹಟವೇ ಅವರ ಬಾಳಿನ ತಿರುಳು. 1947ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಸೇರಿ ಅರ್ಧ ಶತಮಾನಕ್ಕೂ ಮಿಗಿಲಾಗಿ ಅಲ್ಲಿ ಬರೆದರು. ಧೋತಿಯುಟ್ಟು, ಚೌಕಳಿ ಕೋಟು ತೊಟ್ಟು, ಕನ್ನಡಕದೊಳಗಿಂದ ಎಲ್ಲವನ್ನೂ ನೋಡುತ್ತ ಒಂದು ಮಾತನ್ನೂ ಆಡದ ಅವರ ‘ಶ್ರೀಸಾಮಾನ್ಯ’ನನ್ನು ಅರಿಯದವರು ಯಾರು? ಮಂತ್ರಿಗಳ ಮಾತಿಗಿಂತ ಆ ಮೌನವೇ ಹೆಚ್ಚು ಹೇಳುತ್ತಿತ್ತು.

1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಯಲ್ಲಿ ಅಣ್ಣನ ಕಥೆಗಳೊಡನೆ ತಮ್ಮನ ರೇಖೆಗಳನ್ನೂ ನಾಡು ಕಂಡಿತು. 2015ರ ಜನವರಿ 26ರಂದು ಪುಣೆಯಲ್ಲಿ ಲಕ್ಷ್ಮಣರು ಕಣ್ಮುಚ್ಚಿದರು.

ಕಲಾಶಾಲೆಗೆ ಕಾಣದಿದ್ದುದು ಅರಳಿಯೆಲೆಯ ಉಪಾಧ್ಯಾಯರಿಗೆ ಕಂಡಿತ್ತು. ನನ್ನ ಮುಂದಿದ್ದ ಚಿತ್ರದಲ್ಲಿ ನನಗೇನು ಕಂಡಿತು? ಮೂಗು ಹಿಗ್ಗಿದ್ದರೂ ಮುಖ ನನ್ನದೇ ಆಗಿತ್ತು. ಅತಿಶಯೋಕ್ತಿಯ ಲಕ್ಷಣವನ್ನು ಹುಡುಗ ನನಗಿಂತ ಚೆನ್ನಾಗಿ ತಿಳಿದಿದ್ದನು. ಮರುದಿನ ಪುಸ್ತಕವನ್ನು ಹಿಂದಿರುಗಿಸಿ ಹೇಳಿದೆ: “ಮೂಗು ಸರಿಯಾಗಿದೆಯಪ್ಪ, ಕನ್ನಡಕದ ಕಡ್ಡಿ ಕಿವಿಯ ಮೇಲೆ ಕೂತಿಲ್ಲ. ಅದನ್ನು ತಿದ್ದು.”